ವಿಂಗ್ ಕೈಗೆ ಕೊಡೋ ಮೊದಲು ಗಾಳಿ ತೋರಿಸಿ

ಬೆಳಿಗ್ಗೆ ದಡದಲ್ಲಿ ನೋಡಿದ್ದಕ್ಕೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಬರೆದೇಬಿಡುತ್ತೇನೆ. ವಿಷಯ ವಿಂಗ್ ಫಾಯಿಲಿಂಗ್: ವಿಂಗ್ ಅನ್ನುವ ರೆಕ್ಕೆಯಂಥ ಹಾಯಿಯನ್ನು ಕೈಯಲ್ಲೇ ಹಿಡಿದು ಬೋರ್ಡಿನ ಮೇಲೆ ನಿಂತು ಓಡುವ ಆಟ. ಬೋರ್ಡಿನ ಕೆಳಗೆ ಮಾಸ್ಟ್ ಅನ್ನುವ ಕಂಬ, ಅದರ ತುದಿಯಲ್ಲಿ ನೀರೊಳಗೆ ಪುಟ್ಟ ರೆಕ್ಕೆಗಳು. ಅದೇ ಫಾಯಿಲ್, ವೇಗ ಬಂದಾಗ ಬೋರ್ಡನ್ನು ನೀರಿನಿಂದ ಮೇಲೆತ್ತುತ್ತದೆ.

ಒಬ್ಬ ಹುಡುಗ. ಹೊಚ್ಚ ಹೊಸ ವಿಂಗ್, ಹೊಸ ಬೋರ್ಡು, ಫಾಯಿಲ್ ಮೇಲೆ ಒಂದು ಗೀರೂ ಇಲ್ಲ. ಗಾಳಿ ನೆಲದ ಕಡೆಯಿಂದ ಕಡಲಿಗೆ ಬೀಸುತ್ತಿತ್ತು. ದಡದ ಹತ್ತಿರ ನೀರು ಒಂಚೂರೂ ಅಲ್ಲಾಡುತ್ತಿರಲಿಲ್ಲ. "ನೀರು ಎಷ್ಟು ಸಪಾಟಾಗಿದೆ ನೋಡು, ಕಲಿಯೋಕೆ ಇದಕ್ಕಿಂತ ಒಳ್ಳೆ ದಿನ ಸಿಗಲ್ಲ" ಎಂದು ಕಲಿಸುವವರು ಅವನನ್ನು ಕಳಿಸಿಬಿಟ್ಟರು. ನಾನು ಹೋಗಿ ಹೇಳಿದೆ, "ಸರ್, ಗಾಳಿ ಆಚೆಗೆ ತಳ್ತಾ ಇದೆ, ಅವನ ಹಿಂದೆ ಹೋಗೋಕೆ ಒಂದು ಬೋಟೂ ಇಲ್ಲ." "ಫೋನಲ್ಲಿ 12 ನಾಟ್ ಅಷ್ಟೇ ಮೇಡಂ, ಏನೂ ಆಗಲ್ಲ" ಅಂದರು.

ಆಯಿತು. ಹುಡುಗ ಸ್ವಲ್ಪ ದೂರ ಹೋಗುತ್ತಿದ್ದಂತೆ ನೀರಿನ ಬಣ್ಣವೇ ಬದಲಾಯಿತು. ಅಲ್ಲಿ ಬಿಳಿ ನೊರೆ ಏಳುತ್ತಿತ್ತು. ನಿಲ್ಲೋಕೆ ಆಗಲಿಲ್ಲ, ತಿರುಗೋಕೂ ಆಗಲಿಲ್ಲ. ಕೊನೆಗೆ ಮೀನು ಹಿಡಿದು ವಾಪಸ್ ಬರುತ್ತಿದ್ದ ದೋಣಿಯವರು ಎಳೆದು ತಂದರು. ಪುಣ್ಯಕ್ಕೆ ಏನೂ ಆಗಿಲ್ಲ. ಕೈ ನಡುಗುತ್ತಿದ್ದ ಆ ಹುಡುಗನಿಗೆ ದಡದಲ್ಲಿ ಸಿಕ್ಕ ಮೊದಲ ಮಾತು ಏನು ಗೊತ್ತಾ? "ನಿನಗೆ ಇನ್ನೊಂದು ಸೈಜ್ ದೊಡ್ಡ ವಿಂಗ್ ಬೇಕು ಅನ್ಸುತ್ತೆ."

ಅಲ್ಲಿಗೆ ನನ್ನ ತಲೆ ಕೆಟ್ಟಿತು.

ಹಾಯಿ ಬೋರ್ಡಿನ (ವಿಂಡ್‌ಸರ್ಫಿಂಗ್) ಕಾಲದಿಂದ ನಾನು ಗಾಳಿಯ ಹಿಂದೆ ಬಿದ್ದವಳು ಅಂತ ನಿಮಗೆಲ್ಲ ಗೊತ್ತೇ ಇದೆ. ಈ ಫಾಯಿಲ್ ಬಂದಾಗ ನನ್ನಷ್ಟು ಖುಷಿಪಟ್ಟವರು ಕಡಿಮೆ. ಆದರೆ ಈಗ ಕಲಿಸುವ ರೀತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಎಲ್ಲ ಮಾತೂ ಸಾಮಾನಿನದ್ದೇ. ಬೋರ್ಡು ಎಷ್ಟು ಲೀಟರ್? ಫಾಯಿಲಿನ ಮುಂದಿನ ರೆಕ್ಕೆ ಎಷ್ಟು ಚದರ ಸೆಂಟಿಮೀಟರ್? ಮಾಸ್ಟ್ ಕಾರ್ಬನ್ನಾ, ಅಲ್ಯೂಮಿನಿಯಮ್ಮಾ? ಇವತ್ತು ಮಧ್ಯಾಹ್ನದ ಮೇಲೆ ಗಾಳಿ ಯಾವ ಕಡೆ ತಿರುಗುತ್ತದೆ ಅಂತ ಕೇಳುವವರೇ ಇಲ್ಲ. ಹೇಳಿಕೊಡುವವರೂ ಇಲ್ಲ.

ನೆಲದಿಂದ ಕಡಲಿಗೆ ಬೀಸುವ ಗಾಳಿಯ ಅಪಾಯವೇ ಇದು. ಮರ, ಕಟ್ಟಡ, ಗುಡ್ಡಗಳ ಮರೆಯಲ್ಲಿ ದಡದ ಹತ್ತಿರ ಗಾಳಿ ಕಡಿಮೆ ಇರುತ್ತದೆ. ಅಲೆ ಏಳೋಕೂ ಅಲ್ಲಿ ಜಾಗ ಇಲ್ಲ. ಹಾಗಾಗಿ ನೀರು ಶಾಂತವಾಗಿ ಕಾಣುತ್ತದೆ. ಮರೆ ದಾಟಿದ ಕೂಡಲೇ ಪೂರ್ತಿ ಗಾಳಿ ಬಂದು ಹೊಡೆಯುತ್ತದೆ. ಬಿದ್ದರೆ ಗಾಳಿ ದಡದಿಂದ ದೂರಕ್ಕೇ ಒಯ್ಯುತ್ತದೆ. ಹೊಸಬರಿಗೆ ದಡದ ಉದ್ದಕ್ಕೆ ಬೀಸುವ ಗಾಳಿ ಬೇಕು, ಅದೂ ಸ್ವಲ್ಪ ದಡದ ಕಡೆಗೇ ವಾಲಿರಬೇಕು. ಬಿದ್ದರೂ ಅದು ನಿಧಾನಕ್ಕೆ ತಂದು ದಡಕ್ಕೆ ಬಿಡುತ್ತದೆ. ಇದನ್ನು ಹೇಳಿಕೊಡೋಕೆ ಐದು ನಿಮಿಷ ಸಾಕು. ಆ ಐದು ನಿಮಿಷ ಯಾರಿಗೂ ಇಲ್ಲ!

ಇನ್ನು ಆ 12 ನಾಟ್ ಕಥೆ. 12 ನಾಟ್ ಅಂದರೆ ಗಂಟೆಗೆ ಸುಮಾರು 22 ಕಿ.ಮೀ. ಫೋನ್ ತೋರಿಸುವುದು ಸಾಮಾನ್ಯವಾಗಿ ಸರಾಸರಿ. ಅದರ ಪಕ್ಕದಲ್ಲೇ ಜೋರು ಬೀಸು ಎಷ್ಟು ಬರಬಹುದು ಅಂತ ಇನ್ನೊಂದು ಅಂಕಿ ಇರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಗಾಳಿಯ ಬಲ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 12 ನಾಟ್ ಇದ್ದದ್ದು 18 ಆದರೆ ಬಲ ಒಂದೂವರೆ ಪಟ್ಟು ಆಗುವುದಿಲ್ಲ, 2.25 ಪಟ್ಟು ಆಗುತ್ತದೆ. 12 ನಾಟಿಗೆ 5 ಚದರ ಮೀಟರ್ ವಿಂಗ್ ಸರಿ ಅನ್ನುವುದಾದರೆ, ಅದೇ ಎಳೆತಕ್ಕೆ 18 ನಾಟಿನಲ್ಲಿ ಲೆಕ್ಕದ ಪ್ರಕಾರ ಸುಮಾರು 2.2 ಚದರ ಮೀಟರ್ ಸಾಕು. ಕೈಯಲ್ಲಿರುವುದು ಮಾತ್ರ ಅದೇ 5. ಮಿಕ್ಕಿದ್ದನ್ನು ಹಿಂದಿನ ಕೈ ಸಡಿಲಿಸಿ ಗಾಳಿ ಬಿಟ್ಟುಕೊಟ್ಟೇ ನಿಭಾಯಿಸಬೇಕು. ಮೊದಲ ದಿನ ಬಂದವರು ಹೆದರಿಕೆಗೆ ಮಾಡುವುದು ಇದರ ಉಲ್ಟಾ. ಎರಡೂ ಕೈಯಲ್ಲಿ ಗಟ್ಟಿಯಾಗಿ ಎಳೆದುಕೊಳ್ಳುತ್ತಾರೆ. ವಿಂಗ್ ಇನ್ನೂ ಜೋರಾಗಿ ಎಳೆದು ಮುಂದಕ್ಕೆ ಎಸೆಯುತ್ತದೆ. ಅಂಥವರಿಗೆ ಇನ್ನೂ ದೊಡ್ಡ ವಿಂಗ್ ಕೊಡಬೇಕಂತೆ!

ಸರಿ, ಗಾಳಿ ನೋಡುವುದು ಅಂದರೆ ಏನು? ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ಸುಮ್ನೆ ನಿಂತುಕೊಳ್ಳಿ. ದೂರದಲ್ಲಿ ನೀರಿನ ಬಣ್ಣ ಒಂದು ಕಡೆ ಕಪ್ಪಾಗುತ್ತದೆ. ಆ ಕಪ್ಪು ನಿಮ್ಮ ಕಡೆಗೆ ಸರಿಯುತ್ತಾ ಬರುತ್ತದೆ. ಹತ್ತಿರ ಬಂದಂತೆ ಅದು ಕಪ್ಪಲ್ಲ, ಒತ್ತೊತ್ತಾದ ಸಣ್ಣ ಸುಕ್ಕುಗಳು ಅಂತ ಕಾಣುತ್ತದೆ. ಅದೇ ಬೀಸು. ಮೊದಲು ಕೆನ್ನೆಗೆ ತಾಗುತ್ತದೆ, ಆಮೇಲೆ ವಿಂಗ್ ತುಂಬಿಕೊಳ್ಳುತ್ತದೆ.

ಫಾಯಿಲ್ ಏಳಿಸಬೇಕಾದದ್ದು ಆ ಕ್ಷಣದಲ್ಲೇ. ಬೋರ್ಡು ನೀರಿಗೆ ಅಂಟಿಕೊಂಡಿರುವಾಗ ತಡೆ ತುಂಬಾ ಜಾಸ್ತಿ, ಅದನ್ನು ಬಿಡಿಸಿಕೊಳ್ಳೋಕೆ ಜಾಸ್ತಿ ಬಲ ಬೇಕು. ಒಮ್ಮೆ ಮೇಲೆದ್ದರೆ ನೀರಲ್ಲಿ ಉಳಿಯುವುದು ಮಾಸ್ಟ್ ಮತ್ತು ಕೆಳಗಿನ ಪುಟ್ಟ ರೆಕ್ಕೆಗಳು ಮಾತ್ರ. ಆಮೇಲೆ ಕಡಿಮೆ ಗಾಳಿಯಲ್ಲೂ ಓಡಬಹುದು. ಅಂದರೆ ಜೋರು ಬೀಸಿನಲ್ಲಿ ಏಳಬೇಕು, ಗಾಳಿ ತಗ್ಗಿದಾಗ ತೇಲಿಸಿಕೊಂಡು ಹೋಗಬೇಕು. ಬೀಸು ಬರುವುದು ಕಾಣದವರು ಗಾಳಿ ತಗ್ಗಿದಾಗ ಪಂಪ್ ಮಾಡಿ, ಅಂದರೆ ವಿಂಗನ್ನು ಬೀಸಿ ಬೀಸಿ ಎಳೆದು, ಸುಸ್ತಾಗುತ್ತಾರೆ, ಬೀಸು ಬಂದಾಗ ಉಸಿರು ಬಿಡುತ್ತಾ ಕೂತಿರುತ್ತಾರೆ. ದಿನವೂ ನೋಡುತ್ತೇನೆ. ಕೈಕಾಲು ಗಟ್ಟಿ ಇದೆ, ಸಾಮಾನು ಒಳ್ಳೆಯದಿದೆ, ಹೊತ್ತು ಮಾತ್ರ ತಪ್ಪು. ಇದು ಅವರ ತಪ್ಪಲ್ಲ. ಯಾರೂ ಹೇಳಿಕೊಟ್ಟಿಲ್ಲ.

ಬೀಸು ಸಿಕ್ಕಿ ಬೋರ್ಡು ಎದ್ದಾಗ ಕೆಳಗೆ ಪಟಪಟ ಹೊಡೆಯುತ್ತಿದ್ದ ನೀರಿನ ಸದ್ದು ಥಟ್ಟನೆ ನಿಲ್ಲುತ್ತದೆ. ಆ ಖುಷಿಯಲ್ಲಿ ಮುಂದಿನ ಕಾಲಿನ ಮೇಲೆ ಭಾರ ಹಾಕುವುದು ಮರೆತರೆ ಬೋರ್ಡು ಏರುತ್ತಲೇ ಹೋಗುತ್ತದೆ. ವೇಗ ಏರಿದಷ್ಟೂ ಫಾಯಿಲ್ ಎತ್ತುವ ಬಲವೂ ಏರುತ್ತದಲ್ವಾ? ರೆಕ್ಕೆಯ ತುದಿ ನೀರಿನಿಂದ ಆಚೆ ಬಂದು ಗಾಳಿ ಎಳೆದುಕೊಂಡರೆ ಮುಗಿಯಿತು. ಒಂದೇ ಏಟಿಗೆ ಕೆಳಗೆ. ಆಗ ಫಾಯಿಲ್ ಮೇಲೆ ಬೀಳದ ಹಾಗೆ ಬೋರ್ಡಿನಿಂದ ದೂರಕ್ಕೆ ಹಾರಿಕೊಳ್ಳಬೇಕು, ಅದರ ಅಂಚು ಕೊಯ್ಯುತ್ತದೆ. ಹೆಲ್ಮೆಟ್ ಇಲ್ಲದೆ ಕಳಿಸುವವರ ಬಗ್ಗೆ ಬರೆಯೋಕೆ ಹೋದರೆ ಈ ಪೋಸ್ಟ್ ಮುಗಿಯುವುದಿಲ್ಲ.

ಇನ್ನೊಂದು ವಿಷಯ ಹೊಸಬರನ್ನು ತುಂಬಾ ಗೊಂದಲ ಮಾಡುತ್ತದೆ. ಓಡುತ್ತಿರುವಾಗ ನಿಮಗೆ ತಾಗುವ ಗಾಳಿ ಬರೀ ಕಡಲ ಗಾಳಿ ಅಲ್ಲ. ನಿಮ್ಮ ವೇಗದಿಂದ ಎದುರು ಬರುವ ಗಾಳಿಯೂ ಅದಕ್ಕೆ ಸೇರಿರುತ್ತದೆ. ಕಡಲ ಗಾಳಿ ತಗ್ಗಿದಾಗ ಎದುರಿನದ್ದೇ ಜಾಸ್ತಿಯಾಗಿ, ಗಾಳಿ ಮುಂದಿನಿಂದ ಬಂದ ಹಾಗೆ ಅನಿಸುತ್ತದೆ. ವಿಂಗ್ ಪಟಪಟ ಅಲ್ಲಾಡುತ್ತದೆ. ಗಾಳಿಯೇ ತಿರುಗಿತು ಅಂದುಕೊಂಡು ಒದ್ದಾಡುತ್ತಾರೆ. ಆಗ ಬೋರ್ಡಿನ ಮೂತಿಯನ್ನು ಗಾಳಿಯಿಂದ ಸ್ವಲ್ಪ ಆಚೆಗೆ ತಿರುಗಿಸಿದರೆ ಸಾಕು, ವಿಂಗ್ ಮತ್ತೆ ತುಂಬಿಕೊಳ್ಳುತ್ತದೆ. ಇದಕ್ಕೆ ಯಾವ ಸಾಮಾನೂ ಕೊಳ್ಳಬೇಕಾಗಿಲ್ಲ.

"ಇದೆಲ್ಲ ಹಳೇ ಕಾಲದವರ ಮಾತು. ಹೊಸ ಸಾಮಾನು ಬಂದು ಎಲ್ಲ ಸುಲಭ ಆಗಿದೆ. ನೀರಲ್ಲಿ ಜಾಸ್ತಿ ಹೊತ್ತು ಕಳೆದರೆ ತಾನಾಗೇ ಬರುತ್ತೆ" ಅನ್ನುವವರಿದ್ದಾರೆ. ಸಾಮಾನು ಸುಲಭ ಆಗಿರುವುದು ನಿಜ. ಮೈತೂಕದ ಕಿಲೋ ಲೆಕ್ಕಕ್ಕಿಂತ 30-40 ಲೀಟರ್ ಜಾಸ್ತಿ ಗಾತ್ರ ಇರುವ ಬೋರ್ಡು, ನಿಧಾನಕ್ಕೆ ಓಡುವಾಗಲೇ ಎತ್ತುವ ಅಗಲ ರೆಕ್ಕೆ, ಇವು ಕಲಿಯುವವರಿಗೆ ದೊಡ್ಡ ಉಪಕಾರ. ಆದರೆ ನಿಧಾನಕ್ಕೆ ಏಳುವ ಸಾಮಾನು ಇದ್ದರೆ ಜನ ಇನ್ನೂ ಬೇಗ ದೂರ ಹೋಗಿಬಿಡುತ್ತಾರೆ. ದೂರ ಹೋದವರಿಗೆ ಗಾಳಿ ತಗ್ಗಿದರೆ ವಾಪಸ್ ಬರುವ ದಾರಿ ಗೊತ್ತಿರಬೇಕೋ ಬೇಡವೋ? ಗಾಳಿ ಕಾಣದ ಕಣ್ಣಿಟ್ಟುಕೊಂಡು ಎಷ್ಟು ಹೊತ್ತು ನೀರಲ್ಲಿದ್ದರೂ ತಾನಾಗೇ ಏನೂ ಬರುವುದಿಲ್ಲ.

ಸಾಮಾನೇ ಎಲ್ಲ ಅನ್ನುವವರು 2024ರ ಪ್ಯಾರಿಸ್ ಒಲಿಂಪಿಕ್ಸ್ ನೆನಪು ಮಾಡಿಕೊಳ್ಳಲಿ. ಫಾಯಿಲ್ ಹಾಕಿದ ಹಾಯಿ ಬೋರ್ಡು ಒಲಿಂಪಿಕ್ಸಿಗೆ ಬಂದದ್ದು ಆಗಲೇ, ರೇಸ್ ನಡೆದದ್ದು ಮಾರ್ಸೆಲ್ ಕಡಲಲ್ಲಿ. ಆಗ ಗಂಡಸರಿಗೆಲ್ಲ ಒಂದೇ 9 ಚದರ ಮೀಟರ್ ಹಾಯಿ, ಹೆಂಗಸರಿಗೆಲ್ಲ ಒಂದೇ 8. ಬೋರ್ಡೂ ಒಂದೇ ಥರದ್ದು, ಫಾಯಿಲೂ ಒಂದೇ ಥರದ್ದು. ಗಾಳಿ ಎದ್ದರೂ ಬಿದ್ದರೂ ಹಾಯಿ ಬದಲಾಯಿಸುವ ಹಾಗಿರಲಿಲ್ಲ. ಅಲ್ಲಿ ಗಾಳಿ ಇಲ್ಲದೆ ಎಷ್ಟೋ ರೇಸ್ ಮುಂದಕ್ಕೆ ಹೋದವು. ಸಾಮಾನು ಒಂದೇ ಆದ ಮೇಲೆ ಉಳಿಯುವುದು ಮೈಬಲ, ಕೈಚಳಕ, ಮತ್ತು ಗಾಳಿ ಯಾವ ಕಡೆ ಮೊದಲು ಏಳುತ್ತದೆ ಅಂತ ಹುಡುಕುವ ಕಣ್ಣು. ಲೋಕದ ಅತಿ ವೇಗದವರಿಗೇ ಆ ಕಣ್ಣು ಬೇಕಾದರೆ ಮೊದಲ ದಿನದವರಿಗೆ ಬೇಡವಾ?

ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ, ಹತ್ತಿರದವರಿಗೂ ಹೇಳಿಲ್ಲ. ದಡದಿಂದ ದೂರ ಇರುವಾಗ ಗಾಳಿ ಇದ್ದಕ್ಕಿದ್ದಂತೆ ತಗ್ಗಿದರೆ ನನಗೆ ಈಗಲೂ ಎದೆ ಧಸಕ್ ಅನ್ನುತ್ತದೆ. ಇಷ್ಟು ವರ್ಷ ಆದ ಮೇಲೂ. ಆ ಭಯ ಹೋಗಬೇಕು ಅಂತ ನನಗೆ ಅನಿಸಿಲ್ಲ. ಅದಕ್ಕೇ ಹೊರಡುವ ಮುಂಚೆ ಮೋಡ ನೋಡುತ್ತೇನೆ. ಬಿಸಿಲಿಗೆ ನೆಲ ಕಡಲಿಗಿಂತ ಬೇಗ ಕಾಯುತ್ತದೆ, ನೆಲದ ಮೇಲಿನ ಗಾಳಿ ಏರುತ್ತದೆ, ಕಡಲಿನ ತಂಪು ಗಾಳಿ ಒಳಕ್ಕೆ ನುಗ್ಗುತ್ತದೆ. ಬೆಳಿಗ್ಗೆ ಹೊತ್ತೇರಿದ ಮೇಲೆ ಶುರುವಾಗಿ, ಮಧ್ಯಾಹ್ನದ ಮೇಲೆ ಜೋರಾಗಿ, ಸೂರ್ಯ ಮುಳುಗುವ ಹೊತ್ತಿಗೆ ಸಾಯುವುದು ಈ ಗಾಳಿಯ ರೂಢಿ. ನಡುವೆ ದಟ್ಟ ಮೋಡ ಮುಚ್ಚಿಕೊಂಡರೆ ಅರ್ಧಕ್ಕೇ ಸೋರಿಹೋಗಬಹುದು. ಬೆಳಗಿನ ನೆಲದ ಗಾಳಿಗೂ ಆಮೇಲಿನ ಕಡಲ ಗಾಳಿಗೂ ನಡುವೆ ಏನೂ ಬೀಸದ ಒಂದು ಹೊತ್ತು ಇರುತ್ತದೆ. ಆ ಹೊತ್ತಿನಲ್ಲಿ ದೂರದಲ್ಲಿದ್ದರೆ ಬೋರ್ಡಿನ ಮೇಲೆ ಮಲಗಿ ಕೈಯಲ್ಲೇ ಹುಟ್ಟು ಹಾಕಬೇಕು. ಮಳೆ ಮೋಡ ಬಂದರೆ ಕಥೆ ಬೇರೆ. ಮಳೆಗೂ ಮುಂಚೆ ಅದರ ತಣ್ಣನೆ ಗಾಳಿ ನೆಲಕ್ಕೆ ಬಡಿದು ನಾಲ್ಕೂ ಕಡೆ ಹರಡುತ್ತದೆ. ಬಿಸಿಲಲ್ಲಿ ನಿಂತಿರುವಾಗ ಗಾಳಿ ಇದ್ದಕ್ಕಿದ್ದಂತೆ ತಣ್ಣಗಾದರೆ ವಿಂಗ್ ಚೀಲದಿಂದ ಹೊರಗೆ ತೆಗೆಯಲೇಬೇಡಿ. ನೀರಲ್ಲಿದ್ದರೆ ಈಚೆ ಬನ್ನಿ.

ಕಲಿಸುವವರಿಗೆ ನನ್ನ ಕೋರಿಕೆ ಇಷ್ಟೇ. ಮೊದಲ ಗಂಟೆ ನೀರಿಗೆ ಇಳಿಸಬೇಡಿ. ವಿಂಗ್ ಕೊಟ್ಟು ಮರಳಿನ ಮೇಲೆ ನಿಲ್ಲಿಸಿ. ಬೀಸು ಎಲ್ಲಿಂದ ಬರುತ್ತಿದೆ ಅಂತ ಅವರ ಬಾಯಲ್ಲೇ ಹೇಳಿಸಿ. ಕೈ ಯಾವಾಗ ಎಳೆಯಬೇಕು, ಯಾವಾಗ ಬಿಡಬೇಕು ಅಂತ ಅಲ್ಲೇ ಗೊತ್ತಾಗಲಿ. ದೂರ ಹೋಗಿ ಸಿಕ್ಕಿಕೊಂಡರೆ ಬೋರ್ಡು ಬಿಟ್ಟು ಈಜಬಾರದು ಅಂತ ಹತ್ತು ಸಲ ಹೇಳಿ. ನೆಲದಿಂದ ಆಚೆಗೆ ಗಾಳಿ ಇದ್ದರೆ ಆ ದಿನದ ಪಾಠ ರದ್ದು ಮಾಡಿ, ದುಡ್ಡು ವಾಪಸ್ ಕೊಡಿ. ಬೈದುಕೊಳ್ಳುತ್ತಾರೆ, ಬೈದುಕೊಳ್ಳಲಿ.

ಮತ್ತೆ ಇನ್‌ಬಾಕ್ಸಿನಲ್ಲಿ "ಮೇಡಂ, ಯಾವ ಸೈಜ್ ವಿಂಗ್ ತಗೊಳ್ಳಲಿ?" ಅಂತ ಕೇಳಿರುವವರಿಗೆ: ನಿಮ್ಮ ದಡದಲ್ಲಿ ಒಂದು ವಾರ ಕೂತು ನೋಡಿ. ಗಾಳಿ ಎಷ್ಟು ಹೊತ್ತಿಗೆ ಏಳುತ್ತದೆ, ಯಾವ ಕಡೆ ತಿರುಗುತ್ತದೆ, ಬೀಸು ಮತ್ತು ಬಿಡುವಿನ ನಡುವೆ ವ್ಯತ್ಯಾಸ ಎಷ್ಟು, ಯಾವಾಗ ನಿಲ್ಲುತ್ತದೆ, ಬರೆದು ಕಳಿಸಿ. ನಿಮ್ಮ ತೂಕವನ್ನೂ ಸೇರಿಸಿ. ಸೈಜ್ ಆಮೇಲೆ ಹೇಳುತ್ತೇನೆ.