ಸಕ್ಕರೆ ಬೋರ್ಡಿಗೆ ಜೈ!

ಮಕ್ಕಳ ಬೊಜ್ಜು ಇನ್ನೇನು ಕರಗಿದಂತೆಯೇ ಲೆಕ್ಕ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇಯವರು, ಯಾವ ತಿಂಡಿಯಲ್ಲಿ ಎಷ್ಟು ಸಕ್ಕರೆ ಎಂದು ಮಕ್ಕಳಿಗೆ ತೋರಿಸುವ ‘ಶುಗರ್ ಬೋರ್ಡ್’ ಶಾಲೆಗೊಂದು ಹಾಕಿ ಎಂದು ಸುತ್ತೋಲೆ ಹೊರಡಿಸಿದರಲ್ಲ, ಅದರ ಮಾತು. ನಾಲ್ಕರಿಂದ ಹತ್ತು ವರ್ಷದ ಮಕ್ಕಳಿಗೆ ದಿನದ ಕ್ಯಾಲೊರಿಯಲ್ಲಿ ಶೇ 13 ಸಕ್ಕರೆಯಿಂದಲೇ ಬರುತ್ತಿದೆ, ಶೇ 5 ಇದ್ದರೆ ಸಾಕು ಎಂದರು. ಒಪ್ಪತಕ್ಕ ಮಾತು. ಜುಲೈ 15ರೊಳಗೆ ವರದಿ ಮತ್ತು ಫೋಟೊ ಅಪ್‌ಲೋಡ್ ಮಾಡಿ ಎಂದೂ ಸೇರಿಸಿದರು. ಮುಗಿಯಿತು. ಫೋಟೊ ಕೇಳಿದ ಯಾವ ಯೋಜನೆ ಈ ದೇಶದಲ್ಲಿ ಸೋತಿದೆ ಹೇಳಿ?

ಬೋರ್ಡು ತಯಾರಾಗುವ ಕ್ರಮ ಗೊತ್ತಿದ್ದದ್ದೇ. ಮಿಸ್ಸು ಐದನೇ ಕ್ಲಾಸಿಗೆ ಪ್ರಾಜೆಕ್ಟ್ ಕೊಡುತ್ತಾರೆ. ಅಂದರೆ ಐದನೇ ಕ್ಲಾಸಿನ ಅಮ್ಮಂದಿರಿಗೆ. ರಾತ್ರಿ ಹತ್ತಕ್ಕೆ ಥರ್ಮಾಕೋಲ್ ಹುಡುಕಾಟ. ಕೋಲಾ ಬಾಟಲಿಯ ಚಿತ್ರದ ಪಕ್ಕ ಪುಟ್ಟ ಕವರಿನಲ್ಲಿ ನಿಜವಾದ ಸಕ್ಕರೆಯನ್ನೇ ತುಂಬಿ ಅಂಟಿಸಿದರೆ ಮಾರ್ಕ್ಸು ಜಾಸ್ತಿ. ಆಮೇಲೆ ಆ ಬೋರ್ಡನ್ನು ಶ್ರದ್ಧೆಯಿಂದ ಓದುವ ಜೀವಿ ಇರುವೆ ಒಂದೇ.

ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿಂಡಿ ಮಾರಬಾರದೆಂದು 2020ರಲ್ಲೇ ನಿಯಮ ಬಂದಿದೆ. ಟೇಪು ಹಿಡಿದು ಅಳೆದವರನ್ನು ನಾನಂತೂ ಕಂಡಿಲ್ಲ. ಅಳೆಯದಿದ್ದರೇ ಚೆನ್ನ ಅನ್ನಿ, ಬೇಕರಿ 51ನೇ ಮೀಟರಿಗೆ ಹೋಗುತ್ತದೆ, ಅಷ್ಟೆ. ಆದರೂ ಗಂಟೆ ಹೊಡೆದ ಕೂಡಲೇ ದಿಲ್‌ಪಸಂದ್‌ಗೆಂದು ಆ 50 ಮೀಟರ್ ಓಡುತ್ತವಲ್ಲ, ಎಷ್ಟೋ ಮಕ್ಕಳಿಗೆ ದಿನಪೂರ್ತಿ ಸಿಗುವ ವ್ಯಾಯಾಮ ಅದೊಂದೇ.

ಏಕೆಂದರೆ ಆಟಕ್ಕೆ ಜಾಗವೆಲ್ಲಿ? ಶಾಲೆಗೆ ಮೈದಾನ ಇರಲೇಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಇದ್ದರೂ ಅದರ ಮೇಲೆ ಇಂಟರ್‌ಲಾಕ್ ಟೈಲ್ಸ್, ಟೈಲ್ಸ್ ಮೇಲೆ ಸ್ಕೂಲ್ ವ್ಯಾನು. ಪಿಟಿ ಪೀರಿಯಡ್ಡು ಪೋರ್ಷನ್ ಮುಗಿಯದ ಗಣಿತದ ಮೇಷ್ಟ್ರಿಗೆ ಉಂಬಳಿ. ಬೆಂಗಳೂರಿನ ಪಾರ್ಕಿಗೆ ಹೋದರೆ ಅಲ್ಲೂ ಬೋರ್ಡು: ಚೆಂಡಾಟ ನಿಷೇಧಿಸಿದೆ, ಹುಲ್ಲಿನ ಮೇಲೆ ನಡೆಯಬೇಡಿ, ಹೂ ಕೀಳಬೇಡಿ. ನಗೆಕೂಟದ ಹಿರಿಯರು ಮಾತ್ರ ಸಾಲಾಗಿ ನಿಂತು ‘ಹ್ಹ ಹ್ಹ ಹ್ಹ’ ಎನ್ನಬಹುದು. ಚೆಂಡು ಅವರ ಕಾಲಿಗೆ ಉರುಳಿತೋ, ನಗು ಅಲ್ಲಿಗೇ ನಿಂತಿತು. ‘ಲೋ, ಯಾರ ಮನೆ ಹುಡುಗ ನೀನು? ಮನೆಗೆ ಹೋಗಿ ಮೊಬೈಲ್ ನೋಡ್ಕೊಳ್ಳೋ!’ ಹುಡುಗ ವಿಧೇಯ. ಹೋಗಿ ಅದನ್ನೇ ನೋಡುತ್ತಾನೆ, ಕೈಯಲ್ಲಿ ಚಿಪ್ಸು.

ಆ ಚಿಪ್ಸಿನ ಪ್ಯಾಕೆಟ್ಟಿನ ವಿಷಯಕ್ಕೆ ಬಂದರೆ ಮಾತ್ರ ನಗು ಬರುವುದಿಲ್ಲ. ಚಿಲಿ ದೇಶ 2016ರಲ್ಲೇ ಪ್ಯಾಕೆಟ್ಟಿನ ಮುಂಭಾಗದಲ್ಲಿ ಕಪ್ಪು ಅಷ್ಟಭುಜದ ಎಚ್ಚರಿಕೆ ಮುದ್ರಿಸಿತು. ನಮ್ಮಲ್ಲಿ ಅಂಥ ಲೇಬಲ್ಲಿಗೆ 2022ರಲ್ಲಿ ಕರಡು ನಿಯಮ ಬಂತು. ಎಚ್ಚರಿಕೆಯಲ್ಲ ಸ್ವಾಮಿ, ನಕ್ಷತ್ರ! ಎಷ್ಟೇ ಕೆಟ್ಟ ತಿಂಡಿಯಾದರೂ ಬರಿಗೈಲಿ ಕಳಿಸಬಾರದೆಂದು ಅರ್ಧ ನಕ್ಷತ್ರವಾದರೂ ಕೊಡುವ ಔದಾರ್ಯ. ಶಾಲೆಗಳಲ್ಲಿ ಬೋರ್ಡು ನೇತಾಡತೊಡಗಿದಾಗಲೂ ಆ ಲೇಬಲ್ಲಿನ ವಿಷಯ ಸಮಿತಿಯ ಮುಂದೆಯೇ ಇತ್ತು. ಅದೇ ಜುಲೈನಲ್ಲಿ ಸಮೋಸ, ಜಿಲೇಬಿಗೂ ಎಚ್ಚರಿಕೆ ಫಲಕವಂತೆ ಎಂಬ ಸುದ್ದಿ ಎದ್ದಾಗ ಹಾಗೇನಿಲ್ಲ ಎಂದು ಸರ್ಕಾರದ ಸ್ಪಷ್ಟನೆ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಅಷ್ಟು ಅವಸರ ಮಾಡಲು ಬರುತ್ತದೆ ಇವರಿಗೆ. ಕಂಪನಿ ಪ್ಯಾಕೆಟ್ಟಿನ ಹಿಂದೆ ಇರುವೆಗಾತ್ರದ ಅಕ್ಷರದಲ್ಲಿ ಅಡಗಿಸಿದ್ದನ್ನು ಏಳು ವರ್ಷದ ಮಗು ಗೋಡೆ ನೋಡಿ ಕಲಿತು, ತಾನೇ ನಾಲಗೆ ಕಟ್ಟಿಕೊಳ್ಳಬೇಕು. ನಾಚಿಕೆಯಾಗಬೇಕು.