ಫ್ರೆಂಡ್‌ಶಿಪ್ ಊರಿನ ಕೋರ್ಟು, ಎರಡೇ ಬಿಯರಿನ ಮಂಜುನಾಥ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಕುಡಿದು ಕಾರು ಓಡಿಸಿ ಮೊದಲ ಸಲ ಸಿಕ್ಕಿಬಿದ್ದರೆ ಅದು ಅಪರಾಧವಲ್ಲ. ತಮಾಷೆಯಲ್ಲ, ಕಾಯಿದೆಯೇ ಹಾಗಿದೆ. ಸಿಗ್ನಲ್ ಜಂಪ್ ಮಾಡಿದ ಹಾಗೆ ಅದೂ ಒಂದು ಟ್ರಾಫಿಕ್ ಟಿಕೆಟ್. 150ರಿಂದ 300 ಡಾಲರ್ ದಂಡ, ಅದರ ಮೇಲೆ ದಂಡಕ್ಕಿಂತ ದಪ್ಪನೆಯ ಸರ್‌ಚಾರ್ಜು, ಆರರಿಂದ ಒಂಬತ್ತು ತಿಂಗಳು ಲೈಸೆನ್ಸ್ ರದ್ದು. ಜೈಲಿಲ್ಲ. ಕಾರಿನಲ್ಲಿ 16 ವರ್ಷದೊಳಗಿನ ಮಗು ಕೂತಿದ್ದರೆ ಮಾತ್ರ ಅಪರಾಧ.

ಎರಡನೇ ಸಲ ಸಿಕ್ಕಿಬಿದ್ದರೆ? ಹತ್ತು ವರ್ಷದೊಳಗೆ ಆದರೆ ಅಪರಾಧ. ಹತ್ತು ವರ್ಷ ತಡೆದುಕೊಂಡು ಆಮೇಲೆ ಸಿಕ್ಕಿಬಿದ್ದರೆ ಅದನ್ನೂ ಮೊದಲನೆಯದು ಅಂತಲೇ ಎಣಿಸುತ್ತಾರೆ. ಮೂರನೆಯದಕ್ಕೆ ಬಂದಾಗ ಸರ್ಕಾರಕ್ಕೆ ಇದ್ದಕ್ಕಿದ್ದಂತೆ ನೆನಪು ಮರಳುತ್ತದೆ. 1989ರಿಂದ ಲೆಕ್ಕ ತೆಗೆಯುತ್ತದೆ. ಯಾವಾಗ ಸಿಕ್ಕಿಬಿದ್ದರೂ ನಾಲ್ಕನೆಯದು ಫೆಲನಿ, ಅಂದರೆ ಗಂಭೀರ ಅಪರಾಧ, ಅಂತಾದದ್ದು 2017ರಿಂದ. ಅಲ್ಲಿಯವರೆಗೆ ನಾಲ್ಕನೇ ಸಲಕ್ಕೂ ಒಂದಿಷ್ಟು ರಿಯಾಯಿತಿ ಇತ್ತು. ಬೆಂಗಳೂರಿನ ಶನಿವಾರ ರಾತ್ರಿಗಳ ಹಾಗೆ ರಸ್ತೆಗೆ ಬ್ಯಾರಿಕೇಡ್ ಇಟ್ಟು ಬಂದವರ ಬಾಯಿಗೆಲ್ಲ ಯಂತ್ರ ಹಿಡಿಯೋಣ ಅಂದರೆ ಅದಕ್ಕೂ ಅಲ್ಲಿನ ಕಾಯಿದೆ ಬಿಡುವುದಿಲ್ಲ. ಅಪ್ಪ ಅಮ್ಮ ಪಕ್ಕದಲ್ಲಿದ್ದರೆ ಹೈಸ್ಕೂಲ್ ಹುಡುಗನೂ ಬಾರಿನಲ್ಲಿ ಬಿಯರ್ ಕುಡಿಯಬಹುದು. ಸಂಸ್ಕಾರ ಮನೆಯಿಂದಲೇ ಶುರುವಾಗಬೇಕು, ಅಲ್ವಾ?

ಇಷ್ಟು ಉದಾರಿಯಾದ ಸರ್ಕಾರ ದಾಖಲೆ ತೋರಿಸುವುದರಲ್ಲಿ ಜಿಪುಣತನ ಮಾಡೀತೇ? 1999ರಿಂದ ಅಲ್ಲಿನ ಸರ್ಕ್ಯೂಟ್ ಕೋರ್ಟುಗಳ, ಅಂದರೆ ರಾಜ್ಯದ ವಿಚಾರಣಾ ಕೋರ್ಟುಗಳ, ಕೇಸುಗಳು ಇಂಟರ್‌ನೆಟ್ಟಿನಲ್ಲಿವೆ. ಊರಿನ ಜನ ಅದನ್ನು 'ಸೀಕ್ಯಾಪ್' ಅಂತಾರೆ. ಲಾಗಿನ್ ಬೇಡ, ಕಾಸು ಬೇಡ, ಕಾರಣ ಹೇಳುವುದೂ ಬೇಡ. ಹೆಸರು ಹೊಡೆದರೆ ಸಾಕು, ಯಾವ ಕೇಸು, ಯಾವ ತಾರೀಕು, ಎಷ್ಟು ದಂಡ, ಎಲ್ಲಾ ಬರುತ್ತದೆ. ಬಾಡಿಗೆ ಮನೆಯ ಓನರ್ ನೋಡುತ್ತಾರೆ, ಕಾಫಿಗೆ ಬರಲು ಒಪ್ಪಿದ ಹುಡುಗಿ ನೋಡುತ್ತಾಳೆ, ಕೆಲಸ ಕೊಡುವ ಕಂಪನಿಯವರೂ ನೋಡುತ್ತಾರೆ. ಕಂಪನಿಯವರಿಗಾಗಿ ಒಂದು ಎಚ್ಚರಿಕೆಯೂ ಅಲ್ಲೇ ಇದೆ. ಇದನ್ನು ನೋಡಿ ಕೆಲಸಕ್ಕೆ ಬಂದವರಲ್ಲಿ ಭೇದ ಮಾಡಿದರೆ ರಾಜ್ಯದ ಕಾಯಿದೆ ಮೀರಿದಂತಾಗಬಹುದು, ಜೋಕೆ. ಓದಿ, ಆದರೆ ಓದಿಲ್ಲದವರ ಹಾಗೆ ಇರಿ ಅಂತ. ಹಾಸನದಲ್ಲಿ ಕೂತ ಭಾವಿ ಮಾವನವರಿಗೆ ಇಂಥ ಎಚ್ಚರಿಕೆಯೂ ಇಲ್ಲ. ಜಾತಕ ಕೂಡಿದ ಮೇಲೆ ಅವರು ಚಿಕಾಗೋದಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡುತ್ತಾರೆ. "ಸುಮ್ನೆ ಒಂದ್ಸಲ ಆ ಹುಡುಗನ ಹೆಸರು ಹಾಕಿ ನೋಡಪ್ಪ."

ಕುಡಿದು ಓಡಿಸಿದವನ ಮೇಲೆ ನನಗೇನೂ ಕನಿಕರವಿಲ್ಲ. ನನ್ನ ತಕರಾರು ಸರ್ಕಾರದ ಮೇಲೆ. ಶಿಕ್ಷೆ ಕೊಡುವ ಕೆಲಸವನ್ನು ಕೈಬಿಟ್ಟು, ನಾಚಿಕೆಪಡಿಸುವ ಕೆಲಸವನ್ನು ಅದು ಊರಿನವರಿಗೆ ಔಟ್‌ಸೋರ್ಸ್ ಮಾಡಿದೆ. ಹೋಗಲಿ, ಅದನ್ನಾದರೂ ನೆಟ್ಟಗೆ ಮಾಡಿದೆಯೇ ಅಂದರೆ ಅದೂ ಇಲ್ಲ.

ಮಂಜುನಾಥ ಅಂತ ಒಬ್ಬ ಇದ್ದಾನೆ ಅಂದುಕೊಳ್ಳಿ. ಮ್ಯಾಡಿಸನ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ಎಚ್-1ಬಿ ವೀಸಾ. ವಾಟರ್ ಪಾರ್ಕುಗಳಿಗೆ ಹೆಸರಾದ ವಿಸ್ಕಾನ್ಸಿನ್ ಡೆಲ್ಸ್‌ಗೆ ಗೆಳೆಯರ ಜೊತೆ ಹೋದವನು ವಾಪಸ್ ಬರುವಾಗ ಸಿಕ್ಕಿಬಿದ್ದ. ಕುಡಿದದ್ದು ಎರಡೇ ಬಿಯರ್. (ಇವರೆಲ್ಲ ಕುಡಿಯುವುದು ಎರಡೇ. ಮೂರನೆಯದನ್ನು ಕುಡಿದು ಸಿಕ್ಕಿಬಿದ್ದವನು ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ.) ದಂಡ ಕಟ್ಟಿದ, ಲೈಸೆನ್ಸ್ ಕಳಕೊಂಡ. ಅಪರಾಧವಲ್ಲವಲ್ಲ, ಮುಗಿಯಿತು ಅಂದುಕೊಂಡ.

ವಾಷಿಂಗ್ಟನ್ನಿನ ವಿದೇಶಾಂಗ ಇಲಾಖೆಗೆ ಮುಗಿದಿರಲಿಲ್ಲ. ಕುಡಿದು ಓಡಿಸಿ ಬಂಧನವಾದರೆ ಸಾಕು, ತಪ್ಪು ಸಾಬೀತಾಗುವ ಮೊದಲೇ ವೀಸಾ ರದ್ದು ಮಾಡಬಹುದು ಎಂಬ ನೀತಿ 2015ರಿಂದ ಇದೆ. ಒಂದು ಇಮೇಲ್ ಬರುತ್ತದೆ, ಅಷ್ಟೇ. ದೇಶದೊಳಗೆ ಇರಬಹುದು, ಕೆಲಸವನ್ನೂ ಮಾಡಬಹುದು. ಆದರೆ ತಂಗಿಯ ಮದುವೆಗೆ ಊರಿಗೆ ಬಂದರೆ ಹೊಸ ವೀಸಾ ಇಲ್ಲದೆ ವಾಪಸ್ ಹೋಗುವ ಹಾಗಿಲ್ಲ. ವೀಸಾ ಅರ್ಜಿಯಲ್ಲಿ ಪ್ರಶ್ನೆ ನೇರವಾಗಿದೆ: ಎಂದಾದರೂ ಬಂಧನವಾಗಿದೆಯೇ? ಹೌದು ಅಂದರೆ ಕೋರ್ಟಿನ ದೃಢೀಕೃತ ನಕಲು ತನ್ನಿ. ಸೀಲು ಇರಬೇಕು. ಇಡೀ ಜಗತ್ತು ಪುಕ್ಕಟೆ ನೋಡಿದ ಆ ಸೀಕ್ಯಾಪ್ ಪುಟದ ಪ್ರಿಂಟ್ ನಡೆಯುವುದಿಲ್ಲ.

ಸರಿ, ನಕಲು ಯಾವ ಕೋರ್ಟಿನಿಂದ? ಇಲ್ಲಿಂದ ಮಂಜುನಾಥನ ನಿಜವಾದ ಶಿಕ್ಷೆ ಶುರು.

ವಿಸ್ಕಾನ್ಸಿನ್ ಡೆಲ್ಸ್ ಮೂರು ಸಾವಿರದಷ್ಟು ಜನರ ಪುಟ್ಟ ಊರು. ಆದರೆ ಅದು ನಾಲ್ಕು ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಗಳಂಥ ನಾಲ್ಕು ಭಾಗಗಳಲ್ಲಿ, ಹರಡಿದೆ: ಕೊಲಂಬಿಯಾ, ಸಾಕ್, ಆಡಮ್ಸ್, ಜೂನೋ. ನಾಲ್ಕಕ್ಕೂ ಬೇರೆ ಬೇರೆ ಕೋರ್ಟು, ಬೇರೆ ಬೇರೆ ಊರಿನಲ್ಲಿ. ಪೋರ್ಟೇಜ್, ಬ್ಯಾರಬೂ, ಫ್ರೆಂಡ್‌ಶಿಪ್, ಮಾಸ್ಟನ್. ಪೊಲೀಸರು ದೀಪ ಮಿನುಗಿಸಿದಾಗ ಕಾರು ಯಾವ ಗೆರೆಯ ಆಚೆ ಇತ್ತು, ಯಾವ ಗೆರೆಯ ಈಚೆ ಇತ್ತು ಎಂಬುದು ಎರಡು ಬಿಯರ್ ಕುಡಿದವನಿಗೆ ಹೇಗೆ ಗೊತ್ತಿರಬೇಕು?

ಗೆರೆ ಗೊತ್ತಿದ್ದರೂ ಸಾಲದು. ಹಿಡಿದವರು ಯಾರು? ಕೌಂಟಿಯ ಶೆರಿಫ್ ಕಡೆಯವರಾದರೆ ಕೇಸು ಸರ್ಕ್ಯೂಟ್ ಕೋರ್ಟಿಗೆ ಹೋಗುತ್ತದೆ, ಸೀಕ್ಯಾಪಿನಲ್ಲಿ ಕಾಣುತ್ತದೆ. ಊರಿನ ಪೊಲೀಸರಾದರೆ ಅದು ಊರಿನದೇ ಮುನಿಸಿಪಲ್ ಕೋರ್ಟಿಗೆ ಹೋಗಬಹುದು. ಇಂಥವು ರಾಜ್ಯದಲ್ಲಿ 200ಕ್ಕೂ ಜಾಸ್ತಿ ಇವೆ. ಅವುಗಳ ಕೇಸು ಸೀಕ್ಯಾಪಿನಲ್ಲಿ ಬರುವುದಿಲ್ಲ. ಹೀಗಾಗಿ ಅದೇ ಬಾರಿನಲ್ಲಿ, ಅದೇ ಟೇಬಲ್ಲಿನಲ್ಲಿ, ಅಷ್ಟೇ ಕುಡಿದ ಇಬ್ಬರಲ್ಲಿ ಊರೊಳಗೆ ಸಿಕ್ಕಿಬಿದ್ದವನ ಮಾನ ಉಳಿಯಬಹುದು. ಊರು ದಾಟಿ ಹೊಲದ ಪಕ್ಕ ಸಿಕ್ಕಿಬಿದ್ದವನದು ಹಾಸನದವರೆಗೆ ಹೋಗುತ್ತದೆ. ಊರ ಪೊಲೀಸರ ಕೈಗೇ ಸಿಕ್ಕಿಬೀಳಿ ಅಂತ ಯಾವ ವಕೀಲರೂ ಬೋರ್ಡ್ ಹಾಕಿಲ್ಲ ಅನ್ನುವುದೇ ಆಶ್ಚರ್ಯ.

ಮಂಜುನಾಥ ಎಲ್ಲರ ಹಾಗೆ ಗೂಗಲ್ಲಿಗೆ ಹೋದ. ಆಡಮ್ಸ್ ಇರಬಹುದು ಅಂತ ಊಹಿಸಿ, 'ಆಡಮ್ಸ್ ಕೌಂಟಿ, ಕುಡಿದು ಚಾಲನೆ, ಕೋರ್ಟ್ ದಾಖಲೆ' ಅಂತ ಹುಡುಕಿದ. ಆಡಮ್ಸ್ ಹೆಸರಿನ ಕೌಂಟಿ ಅಮೆರಿಕದ 12 ರಾಜ್ಯಗಳಲ್ಲಿದೆ. ಪೆನ್ಸಿಲ್ವೇನಿಯಾದ್ದು ಬಂತು, ಕೊಲರಾಡೋದ್ದು ಬಂತು. ಪೆನ್ಸಿಲ್ವೇನಿಯಾದಲ್ಲಿ ಈ ಕೇಸಿಗೆ ಡಿಯುಐ ಅಂತಾರೆ, ಒಹಾಯೋದಲ್ಲಿ ಒವಿಐ, ವಿಸ್ಕಾನ್ಸಿನ್‌ನಲ್ಲಿ ಒಡಬ್ಲ್ಯುಐ. ಕುಡಿದವನಿಗೆ ನಾಲಗೆ ಹೊರಳಲಿಲ್ಲ ಅಂತ ಕೇಸು ಹಾಕುವವರು ಇಟ್ಟ ಹೆಸರುಗಳಿವು. ಈ ಗದ್ದಲದ ಮೇಲೆಲ್ಲ ಕೂತಿದ್ದವು ಖಾಸಗಿ 'ಹಿನ್ನೆಲೆ ತಪಾಸಣೆ' ಸೈಟುಗಳು. ಹೆಸರು ಹಾಕಿದ ಕೂಡಲೇ ಒಂದು ಪಟ್ಟಿ ನಿಧಾನ ತುಂಬುತ್ತದೆ. ಹುಡುಕುತ್ತಿದ್ದೇವೆ... ಜೈಲು ದಾಖಲೆ ನೋಡುತ್ತಿದ್ದೇವೆ... ನೋಡಿ ನೀವು ಬೆಚ್ಚಿಬೀಳಬಹುದು, ಸಿದ್ಧರಾಗಿ! ಪಟ್ಟಿ ಪೂರ್ತಿ ತುಂಬಿದ ಮೇಲೆ ಕ್ರೆಡಿಟ್ ಕಾರ್ಡ್ ನಂಬರ್ ಕೇಳುತ್ತದೆ. ಸರ್ಕಾರ ಪುಕ್ಕಟೆ ಹಂಚುವುದನ್ನು ಇವರು ತಿಂಗಳ ಚಂದಾಕ್ಕೆ ಮಾರುತ್ತಾರೆ.

ಕೊನೆಗೆ ಸೀಕ್ಯಾಪಿಗೇ ಬಂದ. ಕೊನೆಯ ಹೆಸರು ಹಾಕಿ ಅಂತು ಅದು. ನಮ್ಮಲ್ಲಿ ಯಾರಿಗೆ ಕೊನೆಯ ಹೆಸರಿದೆ? ಮಂಜುನಾಥನ ಪಾಸ್‌ಪೋರ್ಟಿನಲ್ಲಿ ಊರು, ಅಪ್ಪ, ತಾನು ಮೂವರೂ ಸಾಲಾಗಿ ನಿಂತಿದ್ದಾರೆ. ಟಿಕೆಟ್ ಬರೆದ ಪೊಲೀಸಿನವರು ಅದರಲ್ಲಿ ಯಾರನ್ನು ಹಿಡಿದಿದ್ದರು? 'ಮಂಜುನಾಥ' ಹಾಕಿದ, ಸಿಗಲಿಲ್ಲ. ಅಪ್ಪನ ಹೆಸರು ಹಾಕಿದ, ಸಿಗಲಿಲ್ಲ. 'ಹೊಳೆನರಸೀಪುರ' ಹಾಕಿದಾಗ ಸಿಕ್ಕಿತು. ಆಡಮ್ಸ್ ಕೌಂಟಿಯ ಕಡತದ ಪ್ರಕಾರ ಕುಡಿದು ಕಾರು ಓಡಿಸಿದ್ದು ಒಂದಿಡೀ ತಾಲ್ಲೂಕು ಕೇಂದ್ರ.

ಆಡಮ್ಸ್ ಅಂದರೆ ಕೋರ್ಟಿರುವುದು ಫ್ರೆಂಡ್‌ಶಿಪ್‌ನಲ್ಲಿ. ಸಾವಿರ ಜನವೂ ಇಲ್ಲದ ಹಳ್ಳಿ. ಆ ರಾಜ್ಯದ ವ್ಯವಸ್ಥೆ ನೋಡಿ: ಜಡ್ಜ್ ಚುನಾವಣೆಗೆ ಪಕ್ಷ ಇಲ್ಲ. ಆದರೆ ಕಡತ ಕಾಯುವ ಕ್ಲರ್ಕ್ ಆಫ್ ಕೋರ್ಟ್ ಮಾತ್ರ ಪಕ್ಷದ ಟಿಕೆಟ್ಟಿನ ಮೇಲೆ ನಾಲ್ಕು ವರ್ಷಕ್ಕೊಮ್ಮೆ ಗೆದ್ದು ಬರಬೇಕು. ತೀರ್ಪು ಕೊಡಲು ಸಿದ್ಧಾಂತ ಬೇಡ, ತೀರ್ಪಿನ ಜೆರಾಕ್ಸ್ ತೆಗೆಯಲು ಬೇಕು. ದೃಢೀಕರಣಕ್ಕೆ ಐದು ಡಾಲರ್, ಪುಟಕ್ಕೆ ಒಂದೂಕಾಲು ಡಾಲರ್. ಮಂಜುನಾಥನಿಗೆ ಲೈಸೆನ್ಸ್ ಇಲ್ಲ, ಫ್ರೆಂಡ್‌ಶಿಪ್‌ಗೆ ಬಸ್ಸು ಹುಡುಕುವುದು ಕೇಸು ಹುಡುಕುವುದಕ್ಕಿಂತ ಕಷ್ಟ. ಅಂಚೆಯಲ್ಲಿ ಬರೆದ. ಸ್ಟಾಂಪ್ ಹಚ್ಚಿ, ತನ್ನದೇ ವಿಳಾಸ ಬರೆದ ಇನ್ನೊಂದು ಕವರನ್ನು ಒಳಗಿಟ್ಟು ಕಳಿಸಿದ.

ಕಾಯುತ್ತಾ ಕೂತಾಗ ಒಂದು ಯೋಚನೆ ಬಂತು. ಈ ದಾಖಲೆಯನ್ನೇ ಅಳಿಸಿಹಾಕಿಸಿದರೆ? ವಿಚಾರಿಸಿದ. ದಾಖಲೆ ಅಳಿಸಲು ಕಾಯಿದೆ ಇದೆ, ಆದರೆ ಅದು ಇರುವುದು ಅಪರಾಧಗಳಿಗೆ. ನಿಮ್ಮದು ಅಪರಾಧವೇ ಅಲ್ಲವಲ್ಲ!

ನಕಲು ಬಂತು. ಅದನ್ನು ಹಿಡಿದು ಚೆನ್ನೈ ಕಾನ್ಸುಲೇಟಿಗೆ ಹೋದ. ಕಿಟಕಿಯ ಆಚೆಗಿನ ಅಧಿಕಾರಿ ಸೀಲು ನೋಡಿದರು, ಪುಟ ಮಗುಚಿದರು. ಮೊದಲು ಡಾಕ್ಟರ ಹತ್ತಿರ ತಪಾಸಣೆ ಮಾಡಿಸಿಕೊಂಡು ಬನ್ನಿ ಅಂದರು. ಆಮೇಲೆ, ಇದು ಅಪರಾಧವಲ್ಲ ಅಂತ ನೀವು ಹೇಳುತ್ತೀರಿ, ಕೋರ್ಟಿನಿಂದಲೇ ಹಾಗಂತ ಒಂದು ಪತ್ರ ತನ್ನಿ ಅಂದರು.

ಮಂಜುನಾಥ ಆ ರಾತ್ರಿಯೇ ಫ್ರೆಂಡ್‌ಶಿಪ್‌ಗೆ ಫೋನ್ ಮಾಡಿದ. ಅಲ್ಲಿಯ ಹೆಂಗಸು ತುಂಬಾ ಒಳ್ಳೆಯವರು. ಪೂರ್ತಿ ಕೇಳಿಸಿಕೊಂಡರು. "ಕ್ಷಮಿಸಿ ಮಿಸ್ಟರ್ ಹೊಳೆನರಸೀಪುರ, ನಾವು ಕಾನೂನು ಸಲಹೆ ಕೊಡುವ ಹಾಗಿಲ್ಲ. ಇನ್ನೊಂದು ಕಾಪಿ ಬೇಕಿದ್ದರೆ ಹೇಳಿ, ಪುಟಕ್ಕೆ ಒಂದೂಕಾಲು ಡಾಲರ್."