ಆಫ್ ಮಾಡಿದ್ರೆ ಜಾಸ್ತಿ ಕುಡಿಯುತ್ತೆ ಕಣ್ರೀ!

ಬೆಂಗಳೂರಿನ ಒಂದು ಸಿಗ್ನಲ್. ಕೆಂಪು ದೀಪದ ಪಕ್ಕ 180 ಅಂತ ಅಂಕಿ ಬಿತ್ತು. "ಇಂಜಿನ್ ಆಫ್ ಮಾಡಬಹುದಲ್ವಾ ರಾಯರೇ?" ಅಂದೆ. ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಬಂದವನನ್ನು ನೋಡುವ ಹಾಗೆ ನೋಡಿದರು.

"ಮತ್ತೆ ಸ್ಟಾರ್ಟ್ ಮಾಡೋಕೆ ಎಷ್ಟು ಪೆಟ್ರೋಲ್ ಬೇಕು ಗೊತ್ತೇನ್ರೀ?"

ಗೊತ್ತು. ಇಂಜಿನ್ 10 ಸೆಕೆಂಡು ಸುಮ್ನೆ ಓಡಿದರೆ ಖರ್ಚಾಗುವಷ್ಟು, ಅಷ್ಟೇ. ಸುಮಾರು 2 ಮಿಲಿ ಲೀಟರ್. ಅಂದರೆ ಆ ಒಂದು ಸಿಗ್ನಲ್‌ನಲ್ಲಿ ರಾಯರು 18 ಸಲ ಸ್ಟಾರ್ಟ್ ಮಾಡುವಷ್ಟು ಪೆಟ್ರೋಲನ್ನು ಉಳಿತಾಯದ ಹೆಸರಲ್ಲಿ ಸುಟ್ಟರು. ಎಸಿ ಲೆಕ್ಕ ಬೇರೆ.

ಅವರದೂ ತಪ್ಪಲ್ಲ ಬಿಡಿ. ಅವರಪ್ಪನ ಹತ್ತಿರ ಪದ್ಮಿನಿ ಕಾರಿತ್ತು. ಬೆಳಗ್ಗೆ ಚೋಕ್ ಎಳೆದು, ಆಕ್ಸಿಲರೇಟರ್ ನಾಲ್ಕು ಸಲ ತುಳಿದು, ಬೀದಿಗೆಲ್ಲ ಪೆಟ್ರೋಲ್ ವಾಸನೆ ಹಂಚಿದ ಮೇಲೇ ಅದು ಕೆಮ್ಮುತ್ತಿದ್ದದ್ದು. ಆ ಗಾಡಿ ಗುಜರಿ ಸೇರಿತು. ಕಾರ್ಬ್ಯುರೇಟರ್ ಹೋಗಿ, ಇಂಜಿನ್ನಿಗೆ ಬೇಕಾದಷ್ಟೇ ಪೆಟ್ರೋಲ್ ಅಳೆದು ಹಾಕುವ ಫ್ಯೂಯೆಲ್ ಇಂಜೆಕ್ಷನ್ ಬಂತು. ಚೋಕಿನ ಭಯ ಮಾತ್ರ ಅಜ್ಜಿಯ ಬೆಳ್ಳಿ ಲೋಟದ ಹಾಗೆ ಮನೆಯಲ್ಲೇ ಉಳಿಯಿತು.

ತಮಾಷೆ ಏನಂದರೆ, ರಾಯರ ಹೊಸ ಕಾರಿಗೆ ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವ ಬುದ್ಧಿ ಇದೆ. ಅದಕ್ಕೆಂದೇ ಗಟ್ಟಿ ಬ್ಯಾಟರಿ, ಗಟ್ಟಿ ಸ್ಟಾರ್ಟರ್ ಕೂಡ ಕೊಟ್ಟಿದ್ದಾರೆ. ರಾಯರು ದಿನಾ ಡ್ಯಾಶ್‌ಬೋರ್ಡಿನ ಗಣಪತಿಗೆ ಕೈ ಮುಗಿದು, ಮೊದಲು ಬಟನ್ ಒತ್ತಿ ಆ ಬುದ್ಧಿಯನ್ನೇ ಆಫ್ ಮಾಡುತ್ತಾರೆ. ಕೀ ತಿರುಗಿಸಿದಾಗಲೆಲ್ಲ ಅದು ಮತ್ತೆ ಆನ್ ಆಗಿರುತ್ತದೆ, ಪಾಪ. ರಾಯರೂ ಬಿಡುವುದಿಲ್ಲ.

ದೆಹಲಿಯಲ್ಲಿ ಇದೇ ಗೋಳಿಗೆ 2020ರಲ್ಲಿ 'ರೆಡ್ ಲೈಟ್ ಆನ್, ಗಾಡಿ ಆಫ್' ಅಂತ ಸರ್ಕಾರವೇ ಅಭಿಯಾನ ಮಾಡಿತು. ಹೊಗೆ ಬಿಡಬೇಡಿ ಎಂದು ಹೇಳಲು ಒಂದಷ್ಟು ಜನ ಫಲಕ ಹಿಡಿದು ಅದೇ ಹೊಗೆಯಲ್ಲಿ ನಿಂತರು. ಕೀ ತಿರುಗಿಸುವುದಕ್ಕೂ ಒಂದು ಸರ್ಕಾರ ಬೇಕಾಯಿತು ನೋಡಿ.

ಸಿಗ್ನಲ್ ದಾಟಿ ಬಂಕಿಗೆ ಹೋದೆವು. ಇಲ್ಲಿ ಅಳತೆ ಸರಿ ಇರುತ್ತೆ ಅಂತ ಊರೆಲ್ಲ ಅಲ್ಲೇ ಸಾಲು. ಇಂಜಿನ್ ಆನ್, ಎಸಿ ಆನ್, ಇಪ್ಪತ್ತು ನಿಮಿಷ. ನಮ್ಮ ಸರದಿ ಬಂದಾಗ ಹುಡುಗ "ಆಫ್ ಮಾಡಿ ಸಾರ್" ಅಂದ ಮೇಲೆ ರಾಯರು ಒಲ್ಲದ ಮನಸ್ಸಿಂದ ಆಫ್ ಮಾಡಿದರು. ಇಳಿದು ಹೋಗಿ ಮೀಟರಿನಲ್ಲಿ ಸೊನ್ನೆ ನೋಡಿದರು. ಹಾಕಿ ಮುಗಿದ ಮೇಲೆ ಹುಡುಗನ ಕೈ ಹಿಡಿದುಕೊಂಡರು.

"ಪೈಪು ಇನ್ನೊಂದ್ಸಲ ಒದರಪ್ಪಾ. ತುದೀಲಿ ಎರಡು ಹನಿ ಉಳ್ಕೊಂಡಿದೆ."